ಸೌರವ್ಯೂಹದ ನಿಜವಾದ ಅಳತೆಯನ್ನು ಮಕ್ಕಳಿಗೆ ತೋರಿಸಲು ಸಹಾಯ ಬೇಕು

ಮಾನ್ಯರೇ, ನಾನು ಹಳ್ಳಿಯ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೇನೆ. ಗೋಡೆಯ ಪಟದಲ್ಲಿ ಗ್ರಹಗಳೆಲ್ಲ ಸೂರ್ಯನ ಪಕ್ಕದಲ್ಲೇ ಸಾಲಾಗಿ ನಿಂತಿರುವುದನ್ನು ನೋಡಿದ ಮಕ್ಕಳಿಗೆ ಅವುಗಳ ನಡುವಿನ ದೂರ ಮನಸ್ಸಿಗೆ ಇಳಿಯುತ್ತಿಲ್ಲ. ಆದ್ದರಿಂದ ಕಳೆದ ವಾರ, ಒಂದು ಸೆಂಟಿಮೀಟರಿಗೆ ಒಂದು ಲಕ್ಷ ಕಿಲೋಮೀಟರ್ ಎಂಬ ಲೆಕ್ಕದಲ್ಲಿ, 14 ಸೆಂ.ಮೀ. ಅಗಲದ ತೆಂಗಿನಕಾಯಿಯೊಂದನ್ನು ಸೂರ್ಯನೆಂದು ಧ್ವಜಕಂಬದ ಬುಡದಲ್ಲಿಟ್ಟು, ಒಬ್ಬ ಹುಡುಗಿಯನ್ನು 15 ಮೀಟರ್ ದೂರದಲ್ಲಿ ಭೂಮಿಯಾಗಿ ನಿಲ್ಲಿಸಿ, ಅವಳ ಅಂಗೈಯಲ್ಲಿ ಒಂದು ಸಾಸಿವೆ ಕಾಳನ್ನಿಟ್ಟೆ. ಅವಳು ಕಾಳನ್ನೂ ಕಾಯಿಯನ್ನೂ ಮತ್ತೆ ಮತ್ತೆ ನೋಡುತ್ತ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಇಂತಹ ಮೌನಕ್ಕಾಗಿಯೇ ನಾನು ಪಾಠ ಮಾಡುವುದು.

ಆದರೆ 78 ಮೀಟರಿನಲ್ಲಿ ಗುರುವನ್ನು ಇಡುವಷ್ಟರಲ್ಲಿ ಮೈದಾನವೇ ಮುಗಿಯಿತು. ನೆಪ್ಚೂನ್ ಇರಬೇಕಾದದ್ದು 450 ಮೀಟರ್ ಆಚೆ. ಅಳತೆಯನ್ನು ಇನ್ನೂ ಕಿರಿದಾಗಿಸಿದರೆ ಭೂಮಿಯೇ ಕಣ್ಣಿಗೆ ಕಾಣದು. ಊರ ರಸ್ತೆಯಲ್ಲಿ ಮಕ್ಕಳನ್ನು ನಡೆಸಿಕೊಂಡು ಹೋಗಿ ಇದನ್ನು ಮಾಡಿದವರಿದ್ದರೆ, ಹೇಗೆ ಮಾಡಿದಿರೆಂದು ದಯವಿಟ್ಟು ತಿಳಿಸಿರಿ.

ಇನ್ನೊಂದು ತೊಡಕೂ ಇದೆ. ಸೂರ್ಯ ಹತ್ತಿರ ಬರುವುದರಿಂದಲೇ ಬೇಸಿಗೆಯಾಗುತ್ತದೆ ಎಂದು ಮಕ್ಕಳು ಗಟ್ಟಿಯಾಗಿ ನಂಬಿದ್ದಾರೆ. ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ನಮಗೆ ಚಳಿಯಿರುವ ಜನವರಿಯ ಮೊದಲ ವಾರದಲ್ಲಿ ಎಂದರೂ ಒಪ್ಪುತ್ತಿಲ್ಲ. ಋತುಗಳಿಗೆ ನಿಜವಾದ ಕಾರಣವಾದ ಭೂಮಿಯ ಅಕ್ಷದ 23.5 ಡಿಗ್ರಿ ಓರೆಯನ್ನು ಅಂಗಳದ ಕೋಲಿನ ನೆರಳಿನಿಂದಲೇ ಮನಗಾಣಿಸುವ ಸರಳ ಪ್ರಯೋಗವಿದ್ದರೆ, ಅದನ್ನೂ ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.