ತೋಟದ ಕಣದಲ್ಲಿ ಆರತಕ್ಷತೆ: ಪಾನೀಯಗಳ ವ್ಯವಸ್ಥೆ ಹೇಗೆ ಮಾಡಿದಿರಿ?

ಪ್ರಶ್ನೆ (ಮೂಡಿಗೆರೆ ಸಮೀಪದಿಂದ)

ಮೇ ಮೊದಲ ವಾರದಲ್ಲಿ ಮಗನ ಮದುವೆಯಿದೆ. ಮುಹೂರ್ತ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ನಡೆಯುತ್ತದೆ. ಸಂಜೆಯ ಆರತಕ್ಷತೆಯನ್ನು ಹೆಚ್ಚಿನ ಆಡಂಬರವಿಲ್ಲದೆ ನಮ್ಮ ತೋಟದ ಕಾಫಿ ಕಣದಲ್ಲೇ ಇಟ್ಟುಕೊಂಡಿದ್ದೇವೆ. ಸುಮಾರು 250 ಜನ ಬರಬಹುದು. ನಮ್ಮ ಕಡೆಯ ನೆಂಟರಲ್ಲಿ ಮದ್ಯ ತೆಗೆದುಕೊಳ್ಳುವವರು ಸಾಕಷ್ಟಿದ್ದಾರೆ. ಬೀಗರು ಬೆಂಗಳೂರಿನವರು, ಅವರಲ್ಲಿ ಹೆಚ್ಚಿನವರು ಕುಡಿಯುವುದಿಲ್ಲ. ಅಡುಗೆಯವರು ಊಟವನ್ನಷ್ಟೇ ವಹಿಸಿಕೊಂಡಿದ್ದಾರೆ. ಏನು ಎಷ್ಟು ತರಿಸಬೇಕು, ಕೌಂಟರನ್ನು ಎಲ್ಲಿ ಇಡಬೇಕು, ಪರವಾನಗಿ ಬೇಕೇ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಸಕಲೇಶಪುರದ ಬೆಳೆಗಾರರೊಬ್ಬರು

ನಮ್ಮ ಕುಟುಂಬದ ಮದುವೆಗಳಲ್ಲಿ ಈ ಜವಾಬ್ದಾರಿ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತದೆ. ಮೊದಲು ಆಹ್ವಾನಿತರ ಪಟ್ಟಿಯನ್ನು ಹಿಡಿದು ಕುಳಿತು, ಕುಡಿಯುವವರ ಹೆಸರಿನ ಮುಂದೆ ಅವರು ಏನು ತೆಗೆದುಕೊಳ್ಳುತ್ತಾರೆ ಎಂಬುದನ್ನು ಗುರುತು ಹಾಕಿ. ಈ ಕೆಲಸಕ್ಕೆ ಮನೆಯ ಹಿರಿಯ ಹೆಂಗಸರೊಬ್ಬರನ್ನು ಕೂರಿಸಿಕೊಳ್ಳಿ. ಯಾವ ಭಾವನಿಗೆ ರಮ್ ಬೇಕು, ಯಾವ ಚಿಕ್ಕಪ್ಪ ಬಿಟ್ಟು ಎಷ್ಟು ವರ್ಷವಾಯಿತು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಒಟ್ಟು ಜನಸಂಖ್ಯೆಯನ್ನು ಇಷ್ಟರಿಂದ ಗುಣಿಸುವ ಲೆಕ್ಕ ನಮ್ಮ ಕಡೆಗೆ ಹೊಂದುವುದಿಲ್ಲ.

ಉದಾಹರಣೆಗೆ, ಪಟ್ಟಿಯಲ್ಲಿ ಸುಮಾರು 100 ಹೆಸರು ಸಿಕ್ಕವು, ಅವುಗಳಲ್ಲಿ 60 ವಿಸ್ಕಿ, ರಮ್ ಅಥವಾ ಬ್ರಾಂದಿಯವು ಎಂದುಕೊಳ್ಳಿ. 750 ಎಂ.ಎಲ್. ಬಾಟಲಿಯಲ್ಲಿ 60 ಎಂ.ಎಲ್.ನ ಹನ್ನೆರಡು ಪೆಗ್ ಸಿಗುತ್ತದೆ. ನಾಲ್ಕು ಗಂಟೆಯ ಕಾರ್ಯಕ್ರಮದಲ್ಲಿ ಒಬ್ಬರಿಗೆ ಸರಾಸರಿ ಮೂರು ಪೆಗ್ ಹಿಡಿದರೆ 180 ಪೆಗ್, ಅಂದರೆ 15 ಬಾಟಲಿ. 18 ಇಟ್ಟುಕೊಂಡರೆ ಧೈರ್ಯವಾಗಿರಬಹುದು. ಬಿಯರ್ ಕುಡಿಯುವ 30 ಜನರಿಗೆ 650 ಎಂ.ಎಲ್.ನ ಎರಡೆರಡು ಬಾಟಲಿಯಂತೆ ಹನ್ನೆರಡರ ಐದು ಪೆಟ್ಟಿಗೆ ಬೇಕು. ಮೇ ತಿಂಗಳ ಸೆಕೆಗೆ ಇನ್ನೊಂದು ಸೇರಿಸಿ. ವೈನ್ ಬಾಟಲಿಯಲ್ಲಿ ಐದು ಲೋಟ ಬರುತ್ತದೆ, ಆರೇಳು ಬಾಟಲಿ ಸಾಕು. ಎಲ್ಲ ಬ್ರ್ಯಾಂಡನ್ನೂ ಜೋಡಿಸಿಡುವ ಆಸೆ ಬೇಡ. ಎರಡು ವಿಸ್ಕಿ, ಒಂದು ರಮ್, ಒಂದು ಬ್ರಾಂದಿ, ಒಂದೇ ಬಿಯರ್ ಇದ್ದರೆ ಯಾರೂ ಬೇಸರಪಡುವುದಿಲ್ಲ. ಸೋಡಾ ಮುಗಿದರೆ ಮಾತ್ರ ಖಂಡಿತ ಬೇಸರಪಡುತ್ತಾರೆ.

ಇಂಥ ಕಾರ್ಯಕ್ರಮಗಳಲ್ಲಿ ಮೊದಲು ಕೈಕೊಡುವುದು ಐಸ್. ಎರಡು ಬಗೆಯ ಐಸ್ ಬೇಕಾಗುತ್ತದೆ, ಅವು ಒಂದಕ್ಕೊಂದು ಬೆರೆಯಬಾರದು. ಐಸ್ ಫ್ಯಾಕ್ಟರಿಯ ದೊಡ್ಡ ಗಡ್ಡೆ ಹೆಚ್ಚಾಗಿ ಮೀನು ಸಾಗಿಸುವವರಿಗಾಗಿ ತಯಾರಾಗುವಂಥದ್ದು, ಅದನ್ನು ಬಾಟಲಿ ತಣಿಸುವುದಕ್ಕೆ ಮಾತ್ರ ಬಳಸಬೇಕು. ಲೋಟಕ್ಕೆ ಹಾಕಲು ಕುಡಿಯುವ ನೀರಿನಿಂದ ಮಾಡಿದ ಕ್ಯೂಬ್‌ಗಳನ್ನು ಬೇರೆಯಾಗಿ ತರಿಸಿ, ಮುಚ್ಚಳವಿರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿ. ಕುಡಿಯುವ ಒಬ್ಬರಿಗೆ ಅರ್ಧ ಕಿಲೋದಂತೆ 50 ಕಿಲೋ ಕ್ಯೂಬ್, ತಣಿಸಲು 100 ಕಿಲೋ ಗಡ್ಡೆ ನಿಮ್ಮ ಲೆಕ್ಕಕ್ಕೆ ಸರಿಹೋಗುತ್ತದೆ. ಗಡ್ಡೆಯನ್ನು ಮರದ ಹುಡಿ ಮತ್ತು ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ. ಬಾಟಲಿಗಳನ್ನು ಡ್ರಮ್ಮಿಗೆ ಹಾಕಿ ಬರೀ ಐಸ್ ಸುರಿದರೆ ತಣಿಯಲು ತುಂಬ ಹೊತ್ತು ಹಿಡಿಯುತ್ತದೆ. ಐಸ್ ಜೊತೆಗೆ ನೀರನ್ನೂ ತುಂಬಿದರೆ ಆ ತಣ್ಣನೆಯ ನೀರು ಬಾಟಲಿಯ ಸುತ್ತಲೂ ತಾಗುವುದರಿಂದ ಅರ್ಧ ಗಂಟೆಯೊಳಗೆ ಬಿಯರ್ ಸಿದ್ಧವಾಗುತ್ತದೆ.

ಹಾಸನದಿಂದ, ಪರವಾನಗಿಯ ಬಗ್ಗೆ ಮಾತ್ರ

ಪರವಾನಗಿ ಬೇಕು. ಸ್ವಂತ ತೋಟ, ಹಣ ಪಡೆಯದೆ ಕೊಡುತ್ತಿದ್ದೇವೆ ಎಂಬ ಸಮಾಧಾನದಲ್ಲಿ ಇದನ್ನು ಬಿಡಬೇಡಿ. ಒಂದು ದಿನದ ಸಮಾರಂಭಗಳಿಗಾಗಿಯೇ ಅಬಕಾರಿ ಇಲಾಖೆಯಲ್ಲಿ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಇದೆ. ಶುಲ್ಕ ಮತ್ತು ದಾಖಲೆಗಳ ವಿವರವನ್ನು ನಿಮ್ಮ ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಮದುವೆಗೆ ಸಾಕಷ್ಟು ಮುಂಚೆಯೇ ವಿಚಾರಿಸಿ. ಖರೀದಿಯ ಬಿಲ್ಲುಗಳನ್ನು ಸನ್ನದಿನ ಜೊತೆಗೆ ಒಂದೇ ಕಡತದಲ್ಲಿ ಇಟ್ಟು, ಆ ಸಂಜೆ ಕೌಂಟರಿನ ಹತ್ತಿರವೇ ಇರಿಸಿಕೊಳ್ಳಿ.

ಗೋವಾದಿಂದಲೋ ಮಾಹೆಯಿಂದಲೋ ಕಡಿಮೆ ಬೆಲೆಗೆ ತರಿಸಿಕೊಡುತ್ತೇವೆ ಎನ್ನುವ ನೆಂಟರು ಎಲ್ಲ ಮದುವೆಗಳಲ್ಲೂ ಇರುತ್ತಾರೆ. ಅವರಿಗೆ ವಿನಯದಿಂದಲೇ ಬೇಡವೆನ್ನಿ. ಕರ್ನಾಟಕದ ಸುಂಕ ಕಟ್ಟದ ಮದ್ಯ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ನೀವು. ಮೇ ತಿಂಗಳಲ್ಲಿ ಚುನಾವಣೆ ಬಂದರೆ ಮತದಾನ ಮುಗಿಯುವ ಹಿಂದಿನ 48 ಗಂಟೆ ಮದ್ಯ ಮಾರಾಟವಿರುವುದಿಲ್ಲ ಎಂಬುದನ್ನೂ ದಿನಾಂಕದ ಜೊತೆ ತಾಳೆ ನೋಡಿ. ಧ್ವನಿವರ್ಧಕವನ್ನು ರಾತ್ರಿ 10 ಗಂಟೆಗೆ ನಿಲ್ಲಿಸಬೇಕಾಗುವುದರಿಂದ ಕೌಂಟರನ್ನು ಒಂಬತ್ತೂವರೆಗೇ ಮುಚ್ಚುವುದು ಒಳ್ಳೆಯದು. ಆಗ ಜನ ತಾವಾಗಿಯೇ ಊಟದ ಕಡೆಗೆ ಹೋಗುತ್ತಾರೆ.

ಕೊಪ್ಪದ ಗೃಹಿಣಿ

ಎಲ್ಲಿ ಇಡಬೇಕು ಎಂಬ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ನಮ್ಮ ಕಡೆಯ ಎಷ್ಟೋ ಆರತಕ್ಷತೆಗಳಲ್ಲಿ ಕುಡಿಯುವವರಿಗೆ ಸರಿಯಾದ ಜಾಗ ಮಾಡಿಕೊಡದ ಕಾರಣ ಗಂಡಸರೆಲ್ಲ ವಾಹನ ನಿಲ್ಲಿಸಿದ ಕಡೆಗೆ ಹೋಗಿ, ಕಾರಿನ ಡಿಕ್ಕಿ ತೆರೆದುಕೊಂಡು ನಿಲ್ಲುತ್ತಾರೆ. ವೇದಿಕೆಯ ಮುಂದೆ ಕುರ್ಚಿಗಳು ಖಾಲಿ ಉಳಿಯುತ್ತವೆ, ಹುಡುಗ ಹುಡುಗಿ ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತಿರುತ್ತಾರೆ. ಹಾಗೆಂದು ವೇದಿಕೆಯ ಎದುರಿಗೇ ಬಾಟಲಿ ಜೋಡಿಸಿದರೆ ಬೀಗರಿಗೆ ಮುಜುಗರವಾಗುತ್ತದೆ, ತಂದೆಯ ಮುಂದೆ ಲೋಟ ಹಿಡಿಯದ ಮಕ್ಕಳಿಗೂ ಕಷ್ಟ. ಕಣದ ಒಂದು ಬದಿಯಲ್ಲಿ, ಗೋಡೌನಿನ ಗೋಡೆಯ ಪಕ್ಕಕ್ಕೆ, ವೇದಿಕೆಯ ಮಾತು ಕೇಳಿಸುವಷ್ಟು ಹತ್ತಿರ ಆದರೆ ನೇರ ಕಣ್ಣಿಗೆ ಬೀಳದಂತೆ ಕೌಂಟರ್ ಇಡಿ. ಹೆಣ್ಣುಮಕ್ಕಳಲ್ಲಿ ವೈನ್ ತೆಗೆದುಕೊಳ್ಳುವವರೂ ಇರುತ್ತಾರೆ. ಗಂಡಸರ ಗುಂಪನ್ನು ದಾಟಿ ಹೋಗಿ ಕೇಳುವ ಸ್ಥಿತಿ ಅವರಿಗೆ ಬಾರದಂತೆ, ಅವರು ಕೂರುವ ಕಡೆಗೇ ತಂದುಕೊಡುವ ಏರ್ಪಾಡು ಮಾಡಿ.

ಕುಡಿಯದವರೇ ನಿಮ್ಮಲ್ಲಿ ಹೆಚ್ಚು, ಆದ್ದರಿಂದ ಅವರ ಪಾನೀಯಕ್ಕೆ ಇನ್ನೂ ಹೆಚ್ಚಿನ ಗಮನ ಕೊಡಬೇಕು. ಬಣ್ಣದ ಸಾಫ್ಟ್ ಡ್ರಿಂಕ್ ಬಾಟಲಿಗಳನ್ನು ಇಟ್ಟು ಕೈತೊಳೆದುಕೊಳ್ಳುವುದು ಅತಿಥಿಗಳಿಗೆ ತೋರುವ ಮರ್ಯಾದೆಯಲ್ಲ. ಪುನರ್ಪುಳಿ ಶರಬತ್ತು, ಶುಂಠಿ ಏಲಕ್ಕಿ ಹಾಕಿದ ಬೆಲ್ಲದ ಪಾನಕ, ಕೊತ್ತಂಬರಿ ಹಸಿಮೆಣಸಿನ ನೀರುಮಜ್ಜಿಗೆ, ಈ ಮೂರನ್ನೂ ಪ್ರವೇಶದ ಹತ್ತಿರವೇ ದೊಡ್ಡ ಪಾತ್ರೆಗಳಲ್ಲಿ ಇಡಿ. ಒಣಗಿದ ಪುನರ್ಪುಳಿ ಸಿಪ್ಪೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಹಿಸುಕಿ, ಸೋಸಿ, ಸಕ್ಕರೆಯ ಜೊತೆ ಒಂದು ಚಿಟಿಕೆ ಉಪ್ಪು ಮತ್ತು ಜೀರಿಗೆ ಪುಡಿ ಸೇರಿಸಿದರೆ ಆ ಕೆಂಪು ಬಣ್ಣಕ್ಕೇ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ. ರಾತ್ರಿ ಒಂಬತ್ತರ ನಂತರ ಬಿಸಿ ಕಾಫಿ ಇರಲಿ. ತೋಟದ ಮದುವೆಯಲ್ಲಿ ಒಳ್ಳೆಯ ಕಾಫಿ ಸಿಗದಿದ್ದರೆ ಬೀಗರು ಅದನ್ನು ಬಹಳ ಕಾಲ ನೆನಪಿಡುತ್ತಾರೆ.

ಲೋಟಗಳ ಬಗ್ಗೆ ಒಂದು ಮಾತು. 2022ರ ಜುಲೈನಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳಿಗೆ ದೇಶದಾದ್ಯಂತ ನಿಷೇಧವಿದೆ. ಸಿಮೆಂಟ್ ಕಣದಲ್ಲಿ ಗಾಜು ಬಿದ್ದರೆ ಚೂರು ಬಹಳ ದೂರ ಸಿಡಿಯುತ್ತದೆ, ಬರಿಗಾಲಿನ ಮಕ್ಕಳು ಓಡಾಡುತ್ತಿರುತ್ತಾರೆ. ಆದ್ದರಿಂದ ಗಾಜಿನ ಲೋಟ ಕೌಂಟರಿನ ಆಸುಪಾಸಿನಲ್ಲೇ ಇರಲಿ, ಉಳಿದವರಿಗೆ ಸ್ಟೀಲ್ ಲೋಟ ಕೊಡಿ.

ಬಾಳೆಹೊನ್ನೂರು ಕಡೆಯಿಂದ

ಮೇ ಸಂಜೆ ಎಂದರೆ ಗುಡುಗು ಮಳೆ ಗ್ಯಾರಂಟಿ ಎಂದೇ ತಿಳಿದು ಸಿದ್ಧತೆ ಮಾಡಿಕೊಳ್ಳಿ. ಕೌಂಟರಿನ ಮೇಲೆ ಶಾಮಿಯಾನದ ಬಟ್ಟೆ ಸಾಲದು, ಇಳಿಜಾರಾಗಿ ಕಟ್ಟಿದ ಟಾರ್ಪಾಲು ಬೇಕು. ಜನರೇಟರ್ ಇರಲಿ. ಮಳೆ ನಿಂತ ಕೂಡಲೇ ರೆಕ್ಕೆ ಬಂದ ಗೆದ್ದಲು ಹುಳುಗಳು ದೀಪಕ್ಕೆ ಮುತ್ತಿಕೊಂಡು, ರೆಕ್ಕೆ ಉದುರಿಸಿಕೊಂಡು ನೇರವಾಗಿ ಲೋಟದೊಳಗೇ ಬೀಳುತ್ತವೆ. ಪ್ರಖರವಾದ ಬಿಳಿ ದೀಪವನ್ನು ಕೌಂಟರಿನಿಂದ ದೂರದಲ್ಲಿ ಎತ್ತರಕ್ಕೆ ಕಟ್ಟಿಸಿ, ಕೌಂಟರಿಗೆ ಮಂದವಾದ ಹಳದಿ ದೀಪ ಹಾಕಿಸಿ. ಪಾನಕದ ಪಾತ್ರೆಗಳಿಗೆ ಮುಚ್ಚಳ ಇರಲೇಬೇಕು.

ಮತ್ತೆ ಸಕಲೇಶಪುರದವರು

ಸುರಿಯುವವರ ವಿಷಯ ಹೇಳುವುದು ಉಳಿದಿತ್ತು. ಬಾಟಲಿಗಳನ್ನು ಮೇಜಿನ ಮೇಲಿಟ್ಟು ಅವರವರೇ ಹಾಕಿಕೊಳ್ಳಲು ಬಿಡಬೇಡಿ. ಅಳತೆಯ ಪೆಗ್ ಹಿಡಿದ ಇಬ್ಬರು ಮತ್ತು ಅವರ ಹಿಂದೆ ಮದ್ಯ ಮುಟ್ಟದ, ಎಲ್ಲರೂ ಮಾತು ಕೇಳುವಂಥ ಹಿರಿಯರೊಬ್ಬರು ಇರಲಿ. 21 ತುಂಬದ ಹುಡುಗರಿಗೆ ಇಲ್ಲವೆನ್ನುವುದು, ಸಾಕಾದವರಿಗೆ "ಅಣ್ಣಾ, ಊಟ ಮುಗಿಸಿ ಬನ್ನಿ" ಎಂದು ಕೈಹಿಡಿದು ಕರೆದುಕೊಂಡು ಹೋಗುವುದು, ಬಾಡಿಗೆಯ ಹುಡುಗರಿಂದ ಆಗುವ ಕೆಲಸವಲ್ಲ. ನಂಚಿಕೊಳ್ಳಲು ಕಡಲೆಬೀಜ, ಹುರಿದ ಕೋಳಿ, ಬೀಗರ ಕಡೆಯವರಿಗೆ ಬೇರೆಯಾಗಿ ಸಸ್ಯಾಹಾರಿ ಪಕೋಡ, ಇವು ಮೊದಲ ಪೆಗ್ಗಿಗೂ ಮುಂಚೆಯೇ ಬರಲಿ.

ಚಾರ್ಮಾಡಿ ಘಾಟಿಯ ಕಡೆಗೆ ರಾತ್ರಿ ಇಳಿಯುವವರಿದ್ದರೆ ಅವರ ಬಗ್ಗೆ ವಿಶೇಷ ಕಾಳಜಿ ಬೇಕು. ಮಳೆ ಬಂದ ಮೇಲೆ ಅಲ್ಲಿ ಮಂಜು ಕವಿದರೆ ಮುಂದಿನ ತಿರುವೇ ಕಾಣುವುದಿಲ್ಲ. 100 ಎಂ.ಎಲ್. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶವಿದ್ದು ವಾಹನ ಚಲಾಯಿಸಿದರೆ ಮೊದಲ ಬಾರಿಗೇ 10,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಹತ್ತಿರದ ಹೋಂಸ್ಟೇಗಳಲ್ಲಿ ಕೆಲವು ಕೋಣೆಗಳನ್ನು ಹಿಡಿದಿಡಿ, ಎರಡು ಜೀಪುಗಳನ್ನು ಕುಡಿಯದ ಚಾಲಕರೊಂದಿಗೆ ನಿಲ್ಲಿಸಿಕೊಳ್ಳಿ, ಎಲ್ಲ ಚಾಲಕರಿಗೂ ಎಂಟು ಗಂಟೆಗೇ ಊಟ ಹಾಕಿಸಿ.

ಉಳಿದ ಬಾಟಲಿಗಳನ್ನು ತೋಟದ ಕೆಲಸದವರಿಗೆ ಹಂಚುವ ಪದ್ಧತಿಯನ್ನು ದಯವಿಟ್ಟು ಅನುಸರಿಸಬೇಡಿ. ಅವರಿಗೆ ಅದೇ ಪಂಕ್ತಿಯ ಊಟವನ್ನೂ, ಮದುವೆಯ ಉಡುಗೊರೆಯನ್ನು ಹಣದ ರೂಪದಲ್ಲೂ, ಸಾಧ್ಯವಾದರೆ ಮನೆಯ ಹೆಂಗಸರ ಕೈಗೇ ಕೊಡಿ. ಒಡೆಯದ ವಿಸ್ಕಿ, ರಮ್ ಕೆಡುವುದಿಲ್ಲವಾದರೂ ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಪ್ರಮಾಣಕ್ಕೆ ಕಾನೂನಿನ ಮಿತಿಯಿದೆ. ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ಸನ್ನದಿಗೆ ಅರ್ಜಿ ಕೊಡುವ ದಿನವೇ ಅಬಕಾರಿ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.