ವಿಷಯ: ‘ಪೋಲಿಂಗ್’ಗೆ ಮತದಾನವಲ್ಲದ ಪದ ಬೇಕು (ತುರ್ತು)

ಬಲ್ಲವರಿಗೆ ನಮಸ್ಕಾರ.
ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆ್ಯಪ್ ಮತ್ತು ಸರ್ವರ್ (ಆ್ಯಪಿಗೆ ಮಾಹಿತಿ ಒದಗಿಸುವ ದೂರದ ಕಂಪ್ಯೂಟರು) ನಡುವಿನ ಮಾತುಕತೆಗೆ ಯಾವ ದಾರಿ ಹಿಡಿಯಬೇಕು ಎಂಬ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ. ‘ಹೊಸದೇನಾದರೂ ಇದೆಯೇ’ ಎಂದು ಆ್ಯಪ್ ಐದು ಸೆಕೆಂಡಿಗೊಮ್ಮೆ ಕೇಳಿದರೆ ಪೋಲಿಂಗ್. ಹೊಸದು ಬರುವವರೆಗೆ ಸರ್ವರ್ ಉತ್ತರವನ್ನು ತಡೆಹಿಡಿದರೆ ಲಾಂಗ್ ಪೋಲಿಂಗ್. ಯಂತ್ರಾನುವಾದ ಇದನ್ನು ‘ದೀರ್ಘ ಮತದಾನ’ ಮಾಡಿಟ್ಟಿದೆ. ನನ್ನ ಕರಡಿನಲ್ಲಿ ‘ಕೇಳಿಕೆ’ ಎಂದಿದೆ. ನಾಳೆ ಬೆಳಿಗ್ಗೆ ಪುಟವಿನ್ಯಾಸಕ್ಕೆ ಹೋಗಬೇಕು.

ಮೈಸೂರಿನಿಂದ:
ಕೇಳಿಕೆ ಬೇಡ. ಕೋಲಾರದ ಕಡೆ ಅದು ಬಯಲಾಟ. ‘ಆವರ್ತ ಪೃಚ್ಛೆ’ ಎನ್ನಿ, ಮುಗಿಯಿತು.

ಧಾರವಾಡದಿಂದ:
ಪೃಚ್ಛೆಯನ್ನು ತೊದಲದೆ ಓದುವ ವಿದ್ಯಾರ್ಥಿ ಸಿಕ್ಕರೆ ತಿಳಿಸಿ. ‘ಪೋಲ್’ ಎಂದರೆ ಮೂಲದಲ್ಲಿ ತಲೆ. ತಲೆ ಎಣಿಸುವುದರಿಂದ ಮತ ಎಣಿಸುವುದಕ್ಕೆ ಬಂತು. ಒಂದೇ ತಂತಿಗೆ ಹಲವು ಟರ್ಮಿನಲ್ ಜೋಡಿಸುತ್ತಿದ್ದ ಕಾಲದಲ್ಲಿ ದೊಡ್ಡ ಕಂಪ್ಯೂಟರು ಒಂದೊಂದನ್ನೇ ಸರದಿಯಲ್ಲಿ ವಿಚಾರಿಸುತ್ತಿತ್ತು, ಮೇಷ್ಟರು ಹಾಜರಿ ಕರೆದ ಹಾಗೆ. ಆದ್ದರಿಂದ ‘ಹಾಜರಿ’.

ಶಿವಮೊಗ್ಗದಿಂದ:
ಹಾಜರಿ ಅರಬ್ಬಿ. ನಮ್ಮಲ್ಲಿ ‘ಕೇಳು’ ಎಂಬ ಅರ್ಥದ ಹಳಗನ್ನಡದ ‘ಬೆಸಗೊಳ್ಳು’ ಇರುವಾಗ ಕಡ ತರುವ ಹಣೆಬರಹವೇಕೆ?

ಧಾರವಾಡದಿಂದ:
ಬೆಸ ಎಂದರೆ ಹುಡುಗರು ಒಂದು, ಮೂರು, ಐದು ಎಂದು ಎಣಿಸತೊಡಗುತ್ತಾರೆ. ತಾವು ಇದನ್ನು ಮೇಜಿನ ಮುಂದೆ ಕುಳಿತು ಬರೆದಿರಬೇಕಲ್ಲ? ಮೇಜೂ ಕಡ ತಂದದ್ದೇ. ಹಿಂದಿರುಗಿಸಿ.

ಬೆಂಗಳೂರಿನಿಂದ:
ಇದೇ ಕೆಲಸದಲ್ಲಿ ಇರುವವನಾದ್ದರಿಂದ ಒಂದು ಮಾತು. ಹಾಜರಿಯಲ್ಲಿ ಮೇಷ್ಟರು ಕೇಳುತ್ತಾರೆ. ಇಲ್ಲಿ ಹುಡುಗನೇ ಮೇಷ್ಟರನ್ನು ಪೀಡಿಸುತ್ತಾನೆ, ಗಂಟೆಗೆ 720 ಸಲ, ಬಹುಪಾಲು ಉತ್ತರ ‘ಇಲ್ಲ’. ಬಸ್ ಎಲ್ಲಿದೆ ಎಂದು ತೋರಿಸುವ ಪುಟಕ್ಕೆ ಅಷ್ಟು ಪೀಡೆ ಬೇಡ. ಸುದ್ದಿ ಬರುವುದು ಸರ್ವರ್ ಕಡೆಯಿಂದ ಮಾತ್ರ. ಸುದ್ದಿ ಇದ್ದಾಗ ಸರ್ವರೇ ಕಳುಹಿಸುವ ಸರ್ವರ್-ಸೆಂಟ್ ಇವೆಂಟ್ಸ್ ಸಾಕು, ಸಂಪರ್ಕ ಕಡಿದರೂ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಹರಟೆಯ ಆ್ಯಪಿಗೆ ಎರಡೂ ಕಡೆ ಬಾಯಿ ಬೇಕು, ಅಲ್ಲಿ ವೆಬ್‌ಸಾಕೆಟ್. ಅದು 2011ರ ಅಂತರ್ಜಾಲ ನಿಯಮಪತ್ರವಾದ ಆರ್‌ಎಫ್‌ಸಿ 6455ರಲ್ಲಿ ನಿಗದಿಯಾದ ಹೆಸರು, ಹಾಗೆಯೇ ಬಿಡಿ.

ಪೋಲಿಂಗಿನಲ್ಲಿ ಆ್ಯಪ್ ಬಾಯಿಬಿಟ್ಟು ಕೇಳುತ್ತದೆ. ಸರ್ವರ್-ಸೆಂಟ್ ಇವೆಂಟ್ಸ್, ವೆಬ್‌ಸಾಕೆಟ್ ಇವೆರಡರಲ್ಲಿ ಕಿವಿಗೊಟ್ಟು ಕೇಳುತ್ತದೆ. ಕನ್ನಡದಲ್ಲಿ ಎರಡೂ ‘ಕೇಳು’. ಕೇಳಿಕೆ ಎಂದು ಅಚ್ಚಾದರೆ ಯಾವುದನ್ನು ಆರಿಸಬೇಕೆಂದು ಹೇಳಲು ಹೊರಟ ಅಧ್ಯಾಯದಲ್ಲೇ ವ್ಯತ್ಯಾಸ ಅಳಿಸಿಹೋಗುತ್ತದೆ. ಮೊದಲನೆಯದಕ್ಕೆ ‘ವಿಚಾರಿಸು’, ಎರಡನೆಯದಕ್ಕೆ ‘ಆಲಿಸು’ ಎಂದು ಬೇರ್ಪಡಿಸಿ. ಲಾಂಗ್ ಪೋಲಿಂಗ್ ‘ವಿಚಾರಿಸಿ ಕಾಯುವುದು’. ಸಾಧಾರಣ ಪೋಲಿಂಗ್ ‘ಪದೇ ಪದೇ ವಿಚಾರಿಸುವುದು’.

ಶಿವಮೊಗ್ಗದಿಂದ:
ಇದು ಪದವಲ್ಲ, ವಾಕ್ಯ.

ಮೈಸೂರಿನಿಂದ:
ವಿಚಾರವೂ ಸಂಸ್ಕೃತವೇ. ಹಾಗಾದರೆ ನನ್ನ ಪೃಚ್ಛೆಗೆ ಏನು ಕುಂದಿತ್ತು?

ಕೇಳಿದವನಿಂದ:
ಬೆಂಗಳೂರಿನವರ ಪದಗಳನ್ನೇ ಹಾಕಿ ಕಳುಹಿಸಿದೆ, ವಂದನೆಗಳು. ಪುಟ ಕಟ್ಟುವವರು ‘ಪದೇ ಪದೇ’ಯಲ್ಲಿ ಒಂದು ಪದೇಯನ್ನು ಅಚ್ಚಿನ ತಪ್ಪೆಂದು ತೆಗೆದುಹಾಕಿದ್ದರು. ಮತ್ತೆ ಸೇರಿಸಿದ್ದೇನೆ.