ಸಹಾಯ ಬೇಕು: ಅಪ್ಪನ ಮಾತ್ರೆಗಳನ್ನೆಲ್ಲ ಒಟ್ಟಿಗೆ ನೋಡೋರು ದಾವಣಗೆರೆಯಲ್ಲಿ ಯಾರಿದ್ದಾರೆ?

ನಮಸ್ಕಾರ. ಅಪ್ಪನಿಗೆ 68. ಹೃದಯದ ವಾಲ್ವ್ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ವಾರ್ಫರಿನ್ ಮಾತ್ರೆ ತಗೊಳ್ತಾರೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ತೋರಿಸೋ ರಕ್ತಪರೀಕ್ಷೆ, ಜಾಸ್ತಿ ಆದರೆ ರಕ್ತಸ್ರಾವದ ಭಯ) 2.5ರಿಂದ 3.5ರ ಒಳಗೆ ಇರಬೇಕು ಅಂದಿದ್ದಾರೆ ಡಾಕ್ಟರ್. ಹೋದ ವಾರ ದವಡೆ ಊದಿಕೊಂಡು ಹಲ್ಲಿನ ಡಾಕ್ಟರ್ ಹತ್ತಿರ ಹೋದರು, ಅವರು ಸೋಂಕಿಗೆ ಮೆಟ್ರೊನಿಡಜೋಲ್ ಅನ್ನೋ ಮಾತ್ರೆ ಬರೆದರು, ಬೇರೆ ಏನು ತಗೊಳ್ತೀರಿ ಅಂತ ಅವರೂ ಕೇಳಲಿಲ್ಲ, ನಮ್ಮಪ್ಪನೂ ಬಾಯಿ ಬಿಡಲಿಲ್ಲ. ಐದನೇ ದಿನ ಹಲ್ಲುಜ್ಜಿ ಉಗುಳಿದ್ದು ಕೆಂಪಗಿತ್ತು. ಮೊಣಕೈ ಹತ್ತಿರ ಅಂಗೈ ಅಗಲ ನೀಲಿ ಕಲೆ, ಎಲ್ಲೂ ಬಿದ್ದಿಲ್ಲ, ತಾಗಿಸಿಕೊಂಡಿಲ್ಲ. ಐಎನ್‌ಆರ್ 6.1!

ಅವತ್ತೇ ಹೃದಯದ ಡಾಕ್ಟರ್ ಹತ್ತಿರ ಓಡಿದೆವು, ಈಗ ಪರವಾಗಿಲ್ಲ. ವಾರ್ಫರಿನ್ ಅನ್ನು ಲಿವರ್ ಒಡೆದು ಹಾಕಬೇಕಂತೆ, ಆ ಹಲ್ಲಿನ ಮಾತ್ರೆ ಆ ಕೆಲಸಕ್ಕೇ ಅಡ್ಡ ಬರುತ್ತಂತೆ, ಹಾಗಾಗಿ ನುಂಗೋದು ದಿನಾ ಅಷ್ಟೇ ಆದರೂ ರಕ್ತದಲ್ಲಿ ಜಾಸ್ತಿ ಉಳಿಯುತ್ತೆ. ಮೊಣಕಾಲು ನೋವಿಗೆ ನಮ್ಮತ್ತೆ ಸುಮ್ನೆ ಕೊಡೋ ಡೈಕ್ಲೊಫಿನ್ಯಾಕ್ ಕೂಡ ಬೇಡ, ಹೊಟ್ಟೆಯೊಳಗೆ ರಕ್ತ ಸೋರಬಹುದು ಅಂದರು. ಅಮ್ಮ ಹೆದರಿ ಪಾಲಕ್ಕನ್ನೇ ನಿಲ್ಲಿಸಿದ್ದಳು. ಅದೂ ತಪ್ಪಂತೆ, ಸೊಪ್ಪಲ್ಲಿರೋ ವಿಟಮಿನ್ ಕೆ ವಾರ್ಫರಿನ್‌ಗೆ ಎದುರು, ಅದಕ್ಕೇ ಒಂದೇ ಅಳತೆಯಲ್ಲಿ ತಿನ್ನುತ್ತಿರಬೇಕು.

ಸ್ಟೀಲ್ ಡಬ್ಬಿಯಲ್ಲಿ ಈಗ ಒಂಬತ್ತು ಥರ ಮಾತ್ರೆ ಇವೆ, ಬರೆದವರು ಮೂರು ಡಾಕ್ಟರು, ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ. ಎಲ್ಲವನ್ನೂ ಒಟ್ಟಿಗೆ ಕೂತು ನೋಡೋ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಗೊತ್ತಿದ್ದರೆ ಹೇಳಿ. ವಿದ್ಯಾನಗರ, ಪಿ.ಜೆ. ಬಡಾವಣೆ ಕಡೆ ಭಾನುವಾರವೂ ಐಎನ್‌ಆರ್ ಮಾಡೋ ಲ್ಯಾಬ್ ಇದೆಯಾ?